ಚಟವೋ, ಕಾಯಿಲೆಯೋ, ಬರೀ ಆಟವೋ?

ಈ ಕಾರ್ಯಕ್ರಮಕ್ಕೆ ಬರುವ ವಾಟ್ಸಾಪ್ ಸಂದೇಶಗಳಲ್ಲಿ ರಾಜಕೀಯ ಬಿಟ್ಟರೆ ಅತಿ ಹೆಚ್ಚು ಬರೋದು ಒಂದೇ ವಿಷಯ. "ಸರ್, ನನ್ನ ಮಗ ಮೊಬೈಲ್ ಬಿಡ್ತಿಲ್ಲ. ರಾತ್ರಿ ಎರಡು ಗಂಟೆ ಆದ್ರೂ ಗೇಮ್ ಆಡ್ತಾ ಇರ್ತಾನೆ. ಇದರ ಬಗ್ಗೆ ಏನಾದ್ರೂ ಹೇಳಿ." ಬರೆಯುವವರು ಹೆಚ್ಚಾಗಿ ತಾಯಂದಿರು. ಇನ್ನೊಂದು ಕಡೆಯಿಂದಲೂ ಬರುತ್ತೆ. "ಸರ್, ದಿನಾ ಎರಡು ಗಂಟೆ ಗೇಮ್ ಆಡ್ತೀನಿ, ಓದೋದೂ ಓದ್ತೀನಿ. ಆದ್ರೂ ಮನೇಲಿ ಅಡಿಕ್ಟ್ ಅಂತಾರೆ. ನಾನು ನಿಜವಾಗ್ಲೂ ಅಡಿಕ್ಟಾ?"

ಎರಡೂ ನ್ಯಾಯವಾದ ಪ್ರಶ್ನೆಗಳೇ. ಇವತ್ತು ಅದಕ್ಕೇ ಕೂತಿದ್ದೇನೆ. ವಿಡಿಯೋ ಗೇಮ್ ಚಟ ಅನ್ನೋದು ನಿಜವಾಗಿ ಇದೆಯಾ? ಅಥವಾ ದೊಡ್ಡವರು ತಮಗೆ ಅರ್ಥವಾಗದ ಒಂದು ಆಟಕ್ಕೆ ಇಟ್ಟಿರೋ ಕೆಟ್ಟ ಹೆಸರಾ? ಈ ಪ್ರಶ್ನೆ ನಮ್ಮ ಮನೆಯ ಹಾಲ್‌ನಲ್ಲಿ ಮಾತ್ರ ಎದ್ದಿರೋದಲ್ಲ. ಜಗತ್ತಿನ ದೊಡ್ಡ ದೊಡ್ಡ ಮನೋವೈದ್ಯರು, ಸಂಶೋಧಕರು ವರ್ಷಗಳಿಂದ ಇದೇ ಪ್ರಶ್ನೆ ಇಟ್ಟುಕೊಂಡು ಕಿತ್ತಾಡುತ್ತಿದ್ದಾರೆ. ಅವರ ಜಗಳ ಏನು, ಅದರಿಂದ ನಮ್ಮ ಮನೆಗೆ ಏನು ಸಿಗುತ್ತೆ, ನೋಡೋಣ.

ಈ ಕಥೆ ಶುರುವಾಗಿದ್ದು ಒಂದು ತಮಾಷೆಯಿಂದ ಅಂದ್ರೆ ನಂಬ್ತೀರಾ? 1995. ನ್ಯೂಯಾರ್ಕ್‌ನಲ್ಲಿ ಐವನ್ ಗೋಲ್ಡ್‌ಬರ್ಗ್ ಅಂತ ಒಬ್ಬ ಮನೋವೈದ್ಯರು. ಅಮೆರಿಕದ ಮನೋವೈದ್ಯರು ಪ್ರತಿಯೊಂದಕ್ಕೂ ಒಂದು ಕಾಯಿಲೆಯ ಹೆಸರು ಕೊಡ್ತಾರಲ್ಲ, ಅದನ್ನ ಅಣಕ ಮಾಡೋಕೆ ಅಂತ "ಇಂಟರ್ನೆಟ್ ಅಡಿಕ್ಷನ್ ಡಿಸಾರ್ಡರ್" ಅಂತ ಒಂದು ಹೊಸ ಕಾಯಿಲೆ ಹುಟ್ಟಿಸಿ, ಅದಕ್ಕೊಂದು ಲಕ್ಷಣಗಳ ಪಟ್ಟಿ ಬರೆದು ಹಾಕಿದರು. ಜನ ನಗಲಿಲ್ಲ. "ಡಾಕ್ಟ್ರೇ, ನನಗೂ ಇದೇ ಆಗಿದೆ" ಅಂದರು! ಮರುವರ್ಷವೇ ಕಿಂಬರ್ಲಿ ಯಂಗ್ ಎಂಬ ಮನಶ್ಶಾಸ್ತ್ರಜ್ಞೆ ಇದನ್ನು ಗಂಭೀರವಾಗಿ ತೆಗೆದುಕೊಂಡು ಸಂಶೋಧನೆ ಮಂಡಿಸಿದರು. ತಮಾಷೆ ಅಲ್ಲಿಗೆ ಮುಗೀತು, ವಾದ ಶುರುವಾಯಿತು.

2013ರಲ್ಲಿ ಅಮೆರಿಕದ ಮನೋವೈದ್ಯರ ಸಂಘ ತನ್ನ ಕೈಪಿಡಿಯ ಐದನೇ ಆವೃತ್ತಿ ತಂತು. ಡಿಎಸ್‌ಎಂ-5 ಅಂತಾರೆ ಅದಕ್ಕೆ. ಅದರಲ್ಲಿ "ಇಂಟರ್ನೆಟ್ ಗೇಮಿಂಗ್ ಡಿಸಾರ್ಡರ್" ಅನ್ನೋ ಹೆಸರು ಬಂತು. ಎಲ್ಲಿ ಬಂತು ಗೊತ್ತಾ? ಒಪ್ಪಿಕೊಂಡ ಕಾಯಿಲೆಗಳ ಪಟ್ಟಿಯಲ್ಲಿ ಅಲ್ಲ. "ಇದರ ಬಗ್ಗೆ ಇನ್ನೂ ಅಧ್ಯಯನ ಬೇಕು" ಅನ್ನೋ ಹಿಂದಿನ ಭಾಗದಲ್ಲಿ. ಒಂದು ರೀತಿ ವೇಟಿಂಗ್ ಲಿಸ್ಟ್. ಅದೇ ಪುಸ್ತಕದಲ್ಲಿ ಜೂಜಿನ ಚಟಕ್ಕೆ ಮಾತ್ರ ಕನ್ಫರ್ಮ್ ಟಿಕೆಟ್ ಸಿಕ್ಕಿತು. ಮದ್ಯ, ಮಾದಕ ವಸ್ತುಗಳ ಅಧ್ಯಾಯದಲ್ಲೇ ಅದಕ್ಕೆ ಜಾಗ ಕೊಟ್ಟರು.

ಆಮೇಲೆ ಬಂದಿದ್ದು ವಿಶ್ವ ಆರೋಗ್ಯ ಸಂಸ್ಥೆ. 2018ರ ಜೂನ್‌ನಲ್ಲಿ ತನ್ನ ರೋಗಗಳ ಅಂತಾರಾಷ್ಟ್ರೀಯ ಪಟ್ಟಿಯ ಹನ್ನೊಂದನೇ ಆವೃತ್ತಿಯಲ್ಲಿ "ಗೇಮಿಂಗ್ ಡಿಸಾರ್ಡರ್" ಸೇರಿಸೋದಾಗಿ ಪ್ರಕಟಿಸಿತು. 2019ರ ಮೇ ತಿಂಗಳಲ್ಲಿ ಜಿನೀವಾದಲ್ಲಿ ಸದಸ್ಯ ರಾಷ್ಟ್ರಗಳು ಒಪ್ಪಿಗೆ ಕೊಟ್ಟವು. 2022ರ ಜನವರಿ 1ರಿಂದ ಅದು ಜಾರಿಯಲ್ಲಿದೆ. ಅಂದರೆ ಕಾಗದದ ಮೇಲೆ ಇವತ್ತು ಇದು ಕಾಯಿಲೆಯೇ.

ಆದರೆ ಆ ಕಾಗದದ ಮೇಲೆ ಏನು ಬರೆದಿದೆ ಅಂತ ಸ್ವಲ್ಪ ಗಮನ ಕೊಟ್ಟು ಕೇಳಿ. ಮೂರು ಲಕ್ಷಣ. ಒಂದು, ಆಟದ ಮೇಲೆ ಹಿಡಿತ ತಪ್ಪಿರಬೇಕು. ಯಾವಾಗ ಶುರು ಮಾಡೋದು, ಯಾವಾಗ ನಿಲ್ಲಿಸೋದು ಅನ್ನೋದು ಆಡುವವನ ಕೈಯಲ್ಲಿ ಉಳಿದಿರಬಾರದು. ಎರಡು, ಊಟ, ನಿದ್ದೆ, ಓದು, ಸ್ನೇಹ ಎಲ್ಲಕ್ಕಿಂತ ಆಟವೇ ಮೇಲೆ ಬಂದಿರಬೇಕು. ಮೂರು, ಇದರಿಂದ ಬದುಕು ಹಾಳಾಗ್ತಿದೆ ಅಂತ ಕಣ್ಣಿಗೆ ಕಂಡರೂ ಆಟ ಮುಂದುವರೀತಿರಬೇಕು, ಇಲ್ಲವೇ ಇನ್ನೂ ಜಾಸ್ತಿ ಆಗಿರಬೇಕು. ಇದೆಲ್ಲ ಸಾಮಾನ್ಯವಾಗಿ 12 ತಿಂಗಳು ಕಂಡಿರಬೇಕು. ತೀವ್ರವಾಗಿದ್ದರೆ ಮಾತ್ರ ಅವಧಿ ಕಡಿಮೆ ಆದೀತು.

ಗಮನಿಸಿದ್ರಾ? ದಿನಕ್ಕೆ ಇಷ್ಟು ಗಂಟೆ ಅಂತ ಎಲ್ಲೂ ಬರೆದಿಲ್ಲ. ನಮ್ಮ ಮನೆಗಳಲ್ಲಿ ಜಗಳ ನಡೆಯೋದೇ ಗಂಟೆಯ ಲೆಕ್ಕದ ಮೇಲೆ. ಆ ಲೆಕ್ಕ ಈ ವ್ಯಾಖ್ಯೆಯಲ್ಲಿ ಇಲ್ಲವೇ ಇಲ್ಲ.

ಈಗ ವಿರೋಧಿಗಳ ಕಡೆಗೆ ಬರೋಣ. ವಿಶ್ವ ಆರೋಗ್ಯ ಸಂಸ್ಥೆ ಈ ಪ್ರಸ್ತಾಪ ಇಟ್ಟಾಗ ಇಪ್ಪತ್ತಕ್ಕೂ ಹೆಚ್ಚು ಸಂಶೋಧಕರು ಸೇರಿ ಬಹಿರಂಗವಾಗಿ ಒಂದು ಪ್ರಬಂಧ ಬರೆದರು, "ಇದನ್ನ ಕೈಬಿಡಿ" ಅಂತ. ಪ್ರಬಂಧ 2017ರಲ್ಲಿ ಪ್ರಕಟವಾಯಿತು. ಅವರು ತಲೆ ಕೆಟ್ಟವರಲ್ಲ, ಗೇಮ್ ಕಂಪನಿಗಳ ವಕೀಲರೂ ಅಲ್ಲ. ಅವರ ವಾದವನ್ನು ನಾವು ಕೇಳಲೇಬೇಕು.

ಮೊದಲ ವಾದ: ಲಕ್ಷಣಗಳ ಪಟ್ಟಿಯನ್ನು ಮಾದಕ ವಸ್ತು ಮತ್ತು ಜೂಜಿನ ಪಟ್ಟಿಯಿಂದ ಎತ್ತಿ ತಂದು ಅಂಟಿಸಿದ್ದಾರೆ. "ಆಡದೇ ಇರುವಾಗಲೂ ಅದನ್ನೇ ಯೋಚಿಸುವುದು" ಅನ್ನೋದು ಡಿಎಸ್‌ಎಂ-5ರ ಒಂಬತ್ತು ಲಕ್ಷಣಗಳಲ್ಲಿ ಒಂದು. ಗಾಂಜಾ ಸೇದೋನು ಇಡೀ ದಿನ ಗಾಂಜಾ ಬಗ್ಗೆಯೇ ಯೋಚಿಸಿದರೆ ಅದು ಗಂಭೀರ ವಿಷಯ. ಆದರೆ ಗೇಮ್ ಅನ್ನೋ ಪದ ತೆಗೆದು ಅಲ್ಲಿ ಕ್ರಿಕೆಟ್ ಅಂತ ಹಾಕಿ ನೋಡಿ. ಹನ್ನೆರಡು ವರ್ಷದ ಹುಡುಗ. ನಿದ್ದೆಯಲ್ಲೂ ಕವರ್ ಡ್ರೈವ್ ಹೊಡೀತಾನೆ. ಬ್ಯಾಟ್ ಕಿತ್ಕೊಂಡ್ರೆ ಊಟ ಬಿಡ್ತಾನೆ. ಟ್ಯೂಷನ್‌ಗೆ ಹೋಗ್ತೀನಿ ಅಂತ ಸುಳ್ಳು ಹೇಳಿ ಗ್ರೌಂಡಿಗೆ ಹೋಗ್ತಾನೆ. ಇವನಿಗೆ ಕಾಯಿಲೆ ಅಂತೀರಾ? "ನಮ್ಮ ಹುಡುಗ ದ್ರಾವಿಡ್ ಆಗ್ತಾನೆ" ಅಂತೀರಿ. ಹಾಗಾದರೆ ಅದೇ ಹುಚ್ಚು ಪರದೆಯ ಮೇಲೆ ಇದ್ದಾಗ ಮಾತ್ರ ಯಾಕೆ ರೋಗ ಆಗಬೇಕು?

ಎರಡನೇ ವಾದ ಇನ್ನೂ ಗಟ್ಟಿ. ವಿಪರೀತವಾಗಿ ಆಡುವ ಬಹಳ ಮಂದಿಯಲ್ಲಿ ಖಿನ್ನತೆ, ಆತಂಕ, ಏಕಾಗ್ರತೆಯ ತೊಂದರೆ ಇಂಥವು ಜೊತೆಗೇ ಕಾಣಿಸುತ್ತವೆ. ಹಾಗಿದ್ದಾಗ ಆಟ ಕಾಯಿಲೆಯೋ, ಕಾಯಿಲೆಯ ಹೊಗೆಯೋ? ಹೊಗೆ ಊದಿ ಓಡಿಸಿದರೆ ಬೆಂಕಿ ಆರುತ್ತಾ? ಮೂರನೇ ವಾದ: ಒಮ್ಮೆ ಈ ಹೆಸರು ಕೊಟ್ಟರೆ ಕೋಟ್ಯಂತರ ಆರೋಗ್ಯವಂತ ಮಕ್ಕಳ ಮೇಲೂ ಅದೇ ಮುದ್ರೆ ಬೀಳುತ್ತೆ. ಅಪ್ಪ ಅಮ್ಮ, ಮೇಷ್ಟ್ರು, ಪೊಲೀಸರು ಎಲ್ಲರೂ ಹೆದರ್ತಾರೆ. ಹೆದರಿಕೆಯಿಂದ ಕಾನೂನುಗಳು ಹುಟ್ಟುತ್ತವೆ.

ಇದರ ಜೊತೆ ಗೇಮ್ ಕಂಪನಿಗಳ ಸಂಘಗಳೂ ವಿಶ್ವ ಆರೋಗ್ಯ ಸಂಸ್ಥೆಯನ್ನು ವಿರೋಧಿಸಿದವು. ಅವರ ವಿರೋಧದ ಹಿಂದೆ ಏನಿದೆ ಅಂತ ನಾನು ಬಿಡಿಸಿ ಹೇಳಬೇಕಾಗಿಲ್ಲ. ಬೀಡಿ ಮಾರುವವನನ್ನ ಕೆಮ್ಮಿನ ಬಗ್ಗೆ ಕೇಳಿದ ಹಾಗೆ. ಆದರೆ ಸಂಶೋಧಕರ ಪ್ರಶ್ನೆಯನ್ನೂ ಕಂಪನಿಗಳ ಹಿತವನ್ನೂ ಒಂದೇ ಚೀಲಕ್ಕೆ ತುಂಬೋದು ಸರಿಯಲ್ಲ.

ಹಾಗಾದರೆ ಕಾಯಿಲೆ ಇದೆ ಅನ್ನುವವರು ಏನಂತಾರೆ? ಅವರ ಉತ್ತರ ಬಹಳ ಸರಳ. "ಸ್ವಾಮಿ, ನೀವು ವಾದ ಮಾಡ್ತಾ ಇರಿ. ನಮ್ಮ ಬಾಗಿಲಲ್ಲಿ ಜನ ನಿಂತಿದ್ದಾರೆ."

ಇದಕ್ಕೆ ಸಾಕ್ಷಿ ಬೇಕಾದರೆ ಬಹಳ ದೂರ ಹೋಗಬೇಕಾಗಿಲ್ಲ. ನಮ್ಮ ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ 2014ರಲ್ಲೇ ಶಟ್ ಕ್ಲಿನಿಕ್ ಶುರುವಾಯಿತು. ತಂತ್ರಜ್ಞಾನವನ್ನು ಆರೋಗ್ಯಕರವಾಗಿ ಬಳಸೋಕೆ ನೆರವು ನೀಡುವ ಸೇವೆ ಅಂತ ಅದರ ಹೆಸರಿನ ಅರ್ಥ. ಡಾ. ಮನೋಜ್ ಕುಮಾರ್ ಶರ್ಮಾ ಅವರು ಅದನ್ನು ಕಟ್ಟಿದವರು. ವರ್ಷ ಗಮನಿಸಿ, 2014. ಪಬ್‌ಜಿ ಮೊಬೈಲ್‌ಗೆ ಬಂದಿದ್ದು 2018ರಲ್ಲಿ. ವಿಶ್ವ ಆರೋಗ್ಯ ಸಂಸ್ಥೆ ಹೆಸರು ಕೊಡೋಕೆ ಮೊದಲೇ, ದೇಶದಲ್ಲಿ ಪಬ್‌ಜಿ ಗಲಾಟೆ ಏಳೋಕೆ ಮೊದಲೇ, ಇಲ್ಲಿಗೆ ಕುಟುಂಬಗಳು ಬರ್ತಿದ್ದವು. ಶಾಲೆ ಬಿಟ್ಟ ಹುಡುಗ, ಮಾತು ಬಿಟ್ಟ ಹುಡುಗ, ಹಗಲು ಮಲಗಿ ರಾತ್ರಿ ಎದ್ದಿರೋ ಹುಡುಗ. ಇಂಥವರನ್ನು ಎದುರಿಗೆ ಕೂರಿಸಿಕೊಂಡ ವೈದ್ಯರಿಗೆ "ಇದೆಲ್ಲ ಭ್ರಮೆ" ಅಂತ ಹೇಳೋದು ಹೇಗೆ? ಕಾಯಿಲೆಗೊಂದು ಹೆಸರು, ಒಂದು ಸಂಕೇತ ಸಂಖ್ಯೆ ಇದ್ದರೆ ವೈದ್ಯರಿಗೆ ತರಬೇತಿ ಕೊಡಬಹುದು, ಆಸ್ಪತ್ರೆಯಲ್ಲಿ ಲೆಕ್ಕ ಇಡಬಹುದು, ಸರ್ಕಾರದ ಹತ್ತಿರ ಹಣ ಕೇಳಬಹುದು. ಹೆಸರಿಲ್ಲದ ನೋವಿಗೆ ಇವೆಲ್ಲ ಸಿಗಲ್ಲ.

ಸರಿ, ಎಷ್ಟು ಜನಕ್ಕೆ ಈ ಕಾಯಿಲೆ? ಎರಡು ಸಂಖ್ಯೆ ಹೇಳ್ತೀನಿ. ಆಕ್ಸ್‌ಫರ್ಡ್‌ನ ಆಂಡ್ರ್ಯೂ ಶಿಬಿಲ್‌ಸ್ಕಿ ಮತ್ತು ಸಂಗಡಿಗರು ನಾಲ್ಕು ದೇಶಗಳಲ್ಲಿ ನಡೆಸಿದ ಅಧ್ಯಯನ 2017ರಲ್ಲಿ ಪ್ರಕಟವಾಯಿತು. ಅದರ ಪ್ರಕಾರ ಜನಸಂಖ್ಯೆಯಲ್ಲಿ ಶೇ. 0.3ರಿಂದ ಶೇ. 1ರಷ್ಟು ಮಂದಿ ಈ ಲಕ್ಷಣಗಳ ವ್ಯಾಪ್ತಿಗೆ ಬರಬಹುದು. ಹಲವು ದೇಶಗಳ ಅಧ್ಯಯನಗಳನ್ನು ಒಟ್ಟು ಮಾಡಿ ನೋಡಿದ 2021ರ ಇನ್ನೊಂದು ವಿಶ್ಲೇಷಣೆಯಲ್ಲಿ ಶೇ. 3ರ ಆಸುಪಾಸು ಬಂತು. ಸಮೀಕ್ಷೆ ಸರಿಯಾಗಿ ನಡೆದ ಅಧ್ಯಯನಗಳನ್ನಷ್ಟೇ ಹಿಡಿದರೆ ಅದು ಶೇ. 2ಕ್ಕೆ ಇಳಿಯಿತು. ಅಳತೆ ಬದಲಾದ ಹಾಗೆ ಸಂಖ್ಯೆ ಬದಲಾಗುತ್ತೆ, ಒಪ್ಪೋಣ. ಆದರೆ ಒಂದು ಮಾತಲ್ಲಿ ಎಲ್ಲರೂ ಹೆಚ್ಚುಕಡಿಮೆ ಒಂದೇ. ನೂರು ಜನರಲ್ಲಿ ತೊಂಬತ್ತೇಳಕ್ಕೂ ಮಿಕ್ಕಿ ಜನಕ್ಕೆ ಈ ಕಾಯಿಲೆ ಇಲ್ಲ. ಇನ್ನು ಮಿಕ್ಕ ಒಬ್ಬಿಬ್ಬರಿಗೆ ಇದೆ. ಆ ಒಬ್ಬ ಹುಡುಗ ನಿಮ್ಮ ಮನೆಯಲ್ಲಿದ್ದರೆ ನಿಮಗೆ ಅದು ಶೇ. 1 ಅಲ್ಲ, ನೂರಕ್ಕೆ ನೂರು.

ಕಷ್ಟ ಇರೋದು ಇಲ್ಲೇ. ಆ ಒಬ್ಬನನ್ನ ಗುರುತಿಸೋದು ಹೇಗೆ?

ನಾನು ಎಂಜಿನಿಯರಿಂಗ್ ಓದಿದವನು. ನಮ್ಮ ಹಾಸ್ಟೆಲ್‌ನಲ್ಲಿ ಲ್ಯಾನ್ ಕೇಬಲ್ ಎಳೆದು ಕೌಂಟರ್ ಸ್ಟ್ರೈಕ್ ಆಡ್ತಿದ್ವಿ. ರಾತ್ರಿ ಶುರುವಾದರೆ ಮೆಸ್‌ನಲ್ಲಿ ಬೆಳಗಿನ ಉಪ್ಪಿಟ್ಟಿನ ವಾಸನೆ ಬರೋವರೆಗೆ. ಅಲ್ಲಿ ಇಬ್ಬರು ಇದ್ದರು, ಅಕ್ಕಪಕ್ಕದ ರೂಮಿನವರು. ಇಬ್ಬರೂ ಸುಮಾರು ಒಂದೇ ಹೊತ್ತು ಆಡ್ತಿದ್ದರು. ವಾರ್ಡನ್ ಕಣ್ಣಿಗೆ ಇಬ್ಬರೂ ಒಂದೇ ಥರ ಕೆಟ್ಟವರು. ಇಂಟರ್ನಲ್ಸ್ ಹತ್ತಿರ ಬಂದಾಗ ಒಬ್ಬ ಕಂಪ್ಯೂಟರ್ ಮೇಲೆ ಟವೆಲ್ ಹೊದಿಸಿ ಪುಸ್ತಕ ಹಿಡೀತಿದ್ದ. ಭಾನುವಾರ ನಮ್ಮ ಜೊತೆ ಸಿನಿಮಾಕ್ಕೆ ಬರ್ತಿದ್ದ, ಹಬ್ಬಕ್ಕೆ ಊರಿಗೆ ಹೋಗ್ತಿದ್ದ. ಇನ್ನೊಬ್ಬ ನಾವೆಲ್ಲ ಆಟ ನಿಲ್ಲಿಸಿದ ಮೇಲೂ ಒಬ್ಬನೇ ಆಡ್ತಿದ್ದ. ಗೆದ್ದರೂ ಅವನ ಮುಖದಲ್ಲಿ ಖುಷಿ ಕಾಣ್ತಿರಲಿಲ್ಲ. ಮೊದಲು ಕ್ಲಾಸ್ ಬಿಟ್ಟ, ಆಮೇಲೆ ಮೆಸ್ ಬಿಟ್ಟ, ಆಮೇಲೆ ಮನೆಯವರ ಫೋನ್ ಎತ್ತೋದು ಬಿಟ್ಟ. ಅಟೆಂಡೆನ್ಸ್ ಶಾರ್ಟೇಜ್ ಆಗಿ ವರ್ಷ ಹೋಯಿತು. ಅವನ ತಂದೆ ತೀರಿಕೊಂಡು ಆಗ ಇನ್ನೂ ಒಂದು ವರ್ಷವೂ ಆಗಿರಲಿಲ್ಲ ಅನ್ನೋದು ನಮ್ಮಲ್ಲಿ ಬಹಳ ಮಂದಿಗೆ ಗೊತ್ತಾಗಿದ್ದೇ ಅವನು ಪೆಟ್ಟಿಗೆ ಕಟ್ಟಿಕೊಂಡು ಹೊರಟ ದಿನ.

ಗಂಟೆಯ ಮೀಟರ್ ಇಟ್ಟರೆ ಇಬ್ಬರದ್ದೂ ಒಂದೇ ರೀಡಿಂಗ್. ಅಂದರೆ ನಾವು ಇಟ್ಟ ಮೀಟರೇ ತಪ್ಪು. ಕರೆಂಟ್ ಅಳೆಯೋಕೆ ಥರ್ಮಾಮೀಟರ್ ಇಟ್ಟ ಹಾಗೆ. ಇದು ಬರೀ ನನ್ನ ಹಾಸ್ಟೆಲ್ ಅನುಭವ ಅಲ್ಲ. 2022ರಲ್ಲಿ ಆಕ್ಸ್‌ಫರ್ಡ್ ತಂಡ ಸುಮಾರು 39,000 ಆಟಗಾರರನ್ನು ಅಧ್ಯಯನ ಮಾಡಿತು. "ಎಷ್ಟು ಹೊತ್ತು ಆಡಿದ್ರಿ" ಅಂತ ಅವರ ಬಾಯಿ ಮಾತು ಕೇಳಲಿಲ್ಲ. ಕಂಪನಿಗಳಿಂದಲೇ ಆಟದ ಸಮಯದ ದಾಖಲೆ ಪಡೆಯಿತು. ಆಡಿದ ಹೊತ್ತಿಗೂ ಮನಸ್ಸಿನ ನೆಮ್ಮದಿಗೂ ಹೇಳಿಕೊಳ್ಳುವಂಥ ಸಂಬಂಧ ಕಾಣಲಿಲ್ಲ. ಯಾಕೆ ಆಡ್ತಾರೆ ಅನ್ನೋದು ಮುಖ್ಯವಾಯಿತು. ಆಡಬೇಕು ಅನ್ನಿಸಿ ಖುಷಿಗೆ ಆಡುವವರು ನೆಮ್ಮದಿಯಾಗಿದ್ದರು. ಆಡಲೇಬೇಕು ಅನ್ನೋ ಒತ್ತಡಕ್ಕೆ ಆಡುವವರು ಅಷ್ಟು ನೆಮ್ಮದಿಯಾಗಿರಲಿಲ್ಲ.

ನಮ್ಮ ಭಾಷೆಗೆ ಈ ವ್ಯತ್ಯಾಸ ಮೊದಲಿಂದ ಗೊತ್ತಿದೆ ನೋಡಿ. ಇಂಗ್ಲಿಷ್‌ನವರು ಅಡಿಕ್ಷನ್ ಅನ್ನೋ ಒಂದು ಪದ ಇಟ್ಟುಕೊಂಡು ಜಗಳ ಆಡ್ತಿದ್ದಾರೆ. ನಮ್ಮ ಹತ್ತಿರ ಎಷ್ಟಿವೆ? ಹವ್ಯಾಸ ಇದೆ, ಅದು ನಾವು ಸಾಕಿಕೊಂಡಿದ್ದು. ಹುಚ್ಚು ಇದೆ, "ಅವನಿಗೆ ನಾಟಕದ ಹುಚ್ಚು" ಅಂದ್ರೆ ಅರ್ಧ ಬೈಗುಳ, ಅರ್ಧ ಮೆಚ್ಚುಗೆ. ಗೀಳು ಇದೆ, ತಲೆಗೆ ಅಂಟಿಕೊಂಡಿದ್ದು. ಚಟ ಇದೆ, ಬಿಡಬೇಕು ಅಂದ್ರೂ ಬಿಡದೇ ಇರೋದು. ಕೊನೆಗೆ ವ್ಯಸನ. ಈ ವ್ಯಸನ ಅನ್ನೋ ಪದಕ್ಕೆ ಎರಡು ಅರ್ಥ. ಒಂದು ಚಟ. ಇನ್ನೊಂದು ದುಃಖ. "ವ್ಯಸನಪಡಬೇಡಿ" ಅಂತ ಹೇಳ್ತೀವಲ್ಲ, ಅದೇ. ನನ್ನ ಹಾಸ್ಟೆಲ್‌ನ ಆ ಹುಡುಗನಿಗೆ ಇದ್ದದ್ದು ಯಾವ ವ್ಯಸನ? ನಾವೆಲ್ಲ ಮೊದಲನೇ ಅರ್ಥವನ್ನಷ್ಟೇ ನೋಡಿದ್ವಿ. ಅವನೊಳಗೆ ಎರಡೂ ಇತ್ತು.

ವಿದ್ವಾಂಸರ ಜಗಳದ ಗಂಟು ಇರೋದೂ ಇಲ್ಲೇ. ಆಟದಿಂದ ದುಃಖವೋ, ದುಃಖದಿಂದ ಆಟವೋ? ನನಗೆ ಅನ್ನಿಸೋದು, ಶುರುವಾಗೋದು ಯಾವ ಕಡೆಯಿಂದಾದರೂ ಆಗಬಹುದು. ದುಃಖ ಮರೆಯೋಕೆ ಕುಡಿಯೋಕೆ ಶುರು ಮಾಡಿದವನಿಗೂ ಲಿವರ್ ಹಾಳಾಗುತ್ತೆ ತಾನೇ? ಕಾರಣ ಬೇರೆ ಇದೆ ಅಂದಮಾತ್ರಕ್ಕೆ ಕಾಯಿಲೆ ಸುಳ್ಳಾಗಲ್ಲ. ಹಾಗೇ, ಕಾಯಿಲೆ ಇದೆ ಅಂದಮಾತ್ರಕ್ಕೆ ಕಾರಣ ಹುಡುಕೋ ಜವಾಬ್ದಾರಿಯೂ ತಪ್ಪಲ್ಲ.

ಇಲ್ಲಿ ಒಂದು ಮಾತು ಸ್ಪಷ್ಟ ಮಾಡಿಬಿಡ್ತೀನಿ, ಯಾಕಂದ್ರೆ ವಾಟ್ಸಾಪ್‌ನಲ್ಲಿ ಬಹಳ ಓಡಾಡುತ್ತೆ. "ಗೇಮ್ ಆಡಿದ್ರೆ ಮೆದುಳಲ್ಲಿ ಡೋಪಮೈನ್ ಬರುತ್ತೆ, ಅದು ಡ್ರಗ್ಸ್ ಇದ್ದ ಹಾಗೆ" ಅಂತ. ಡೋಪಮೈನ್ ಬರೋದು ನಿಜ. 1998ರಲ್ಲೇ ಲಂಡನ್ನಿನ ಸಂಶೋಧಕರು ಎಂಟು ಜನ ಗಂಡಸರಿಗೆ ಟ್ಯಾಂಕ್ ಓಡಿಸುವ ವಿಡಿಯೋ ಗೇಮ್ ಆಡಿಸಿ, ಸ್ಕ್ಯಾನ್ ಮಾಡಿ ತೋರಿಸಿದ್ದಾರೆ. ಆದರೆ ಹಸಿದಾಗ ಬಿಸಿ ಬಿಸಿ ಬಿಸಿಬೇಳೆಬಾತ್ ಕಂಡ್ರೂ ನಿಮ್ಮ ಮೆದುಳಿನ ಅದೇ ವ್ಯವಸ್ಥೆ ಕೆಲಸ ಮಾಡುತ್ತೆ. ಮೆದುಳಿಗೆ ಖುಷಿಯಾಯಿತು ಅನ್ನೋದೇ ರೋಗದ ಪುರಾವೆ ಆಗೋದಾದ್ರೆ ನಾವೆಲ್ಲ ರೋಗಿಗಳೇ.

ಹಾಗಂತ ಆಟ ಪಾಪದ ಹಸು, ತಪ್ಪೆಲ್ಲ ಹುಡುಗನದ್ದು ಅಂತಾನಾ? ಅಲ್ಲ. ಇವತ್ತಿನ ಮೊಬೈಲ್ ಗೇಮ್ ನಮ್ಮ ಕಾಲದ ಮಾರಿಯೋ ಅಲ್ಲ. ಅದರಲ್ಲಿ ಕೊನೆ ಅನ್ನೋದೇ ಇಲ್ಲ. ದಿನಾ ಒಳಗೆ ಬಂದರೆ ಬಹುಮಾನ. ಒಂದು ದಿನ ತಪ್ಪಿದರೆ ಸಾಲು ಮುರಿಯುತ್ತೆ, ಮತ್ತೆ ಮೊದಲಿಂದ. ತಂಡದಲ್ಲಿ ನಾಲ್ಕು ಜನ, ಮಧ್ಯದಲ್ಲಿ ಎದ್ದು ಹೋದರೆ ಉಳಿದ ಮೂವರು ಬೈತಾರೆ. "ಊಟಕ್ಕೆ ಬಾ" ಅಂತ ಅಮ್ಮ ಕೂಗಿದಾಗ "ಒಂದು ನಿಮಿಷ" ಅಂತಾನಲ್ಲ, ಅದು ಪೂರ್ತಿ ಸುಳ್ಳಲ್ಲ. ನಿಜವಾಗಲೂ ಮಧ್ಯದಲ್ಲಿ ನಿಲ್ಲಿಸೋಕೆ ಬರಲ್ಲ. ಇದರ ಮೇಲೆ ಲೂಟ್ ಬಾಕ್ಸ್. ದುಡ್ಡು ಕೊಟ್ಟು ಒಂದು ಪೆಟ್ಟಿಗೆ ತೆಗೀಬೇಕು, ಒಳಗೆ ಏನಿದೆ ಅಂತ ಗೊತ್ತಿರಲ್ಲ. ಜಾತ್ರೆಯಲ್ಲಿ ರಿಂಗ್ ಎಸೆಯೋ ಆಟ ಇದೆಯಲ್ಲ, ಅದರ ತಮ್ಮ. ಯಾವಾಗ ಬಹುಮಾನ ಬರುತ್ತೆ ಅಂತ ಗೊತ್ತಿಲ್ಲದಿದ್ದಾಗಲೇ ಪ್ರಾಣಿ ಬಿಡದೇ ಗುಂಡಿ ಒತ್ತುತ್ತೆ ಅಂತ ಬಿ. ಎಫ್. ಸ್ಕಿನ್ನರ್ ಕಳೆದ ಶತಮಾನದಲ್ಲೇ ಪಾರಿವಾಳ, ಇಲಿಗಳ ಮೇಲೆ ಪ್ರಯೋಗ ಮಾಡಿ ತೋರಿಸಿದ್ದರು. ಈಗ ಆ ಗುಂಡಿ ನಮ್ಮ ಮಕ್ಕಳ ಬೆರಳ ಕೆಳಗಿದೆ. ಯಾವ ಹಂತದಲ್ಲಿ ಆಟಗಾರ ಬಿಟ್ಟು ಹೋಗ್ತಾನೆ, ಏನು ಕೊಟ್ಟರೆ ವಾಪಸ್ ಬರ್ತಾನೆ ಅಂತ ಅಳೆಯೋಕೆ ನನ್ನಂಥ ಎಂಜಿನಿಯರ್‌ಗಳೇ ಸಂಬಳ ತಗೊಂಡು ಕೂತಿರ್ತಾರೆ. ಒಂದು ಕಡೆ ಹದಿಮೂರು ವರ್ಷದ ಹುಡುಗ, ಇನ್ನೊಂದು ಕಡೆ ಇಷ್ಟು ದೊಡ್ಡ ಸೈನ್ಯ. "ನಿನಗೆ ಮನಸ್ಸಿನ ಮೇಲೆ ಹಿಡಿತ ಇಲ್ವಾ" ಅಂತ ಬೈಯೋ ಮುಂಚೆ ಇದನ್ನ ನೆನಪಿಟ್ಟುಕೊಳ್ಳಿ.

ಕೆಲವು ದೇಶಗಳು ಈ ಕಡೆ ಕಣ್ಣು ಹಾಯಿಸಿವೆ. 2018ರಲ್ಲಿ ಬೆಲ್ಜಿಯಂ ದುಡ್ಡು ಕೊಟ್ಟು ತೆರೆಯುವ ಲೂಟ್ ಬಾಕ್ಸ್‌ಗಳನ್ನು ಜೂಜು ಅಂತಲೇ ಪರಿಗಣಿಸಿತು. 2022ರ ಡಿಸೆಂಬರ್‌ನಲ್ಲಿ ಫೋರ್ಟ್‌ನೈಟ್ ಆಟದ ಎಪಿಕ್ ಗೇಮ್ಸ್ ಕಂಪನಿ ಅಮೆರಿಕದ ಫೆಡರಲ್ ಟ್ರೇಡ್ ಕಮಿಷನ್ ಜೊತೆ 52 ಕೋಟಿ ಡಾಲರ್‌ಗೆ ರಾಜಿ ಮಾಡಿಕೊಂಡಿತು. ಮಕ್ಕಳ ಖಾಸಗಿತನ ಕಾಪಾಡಲಿಲ್ಲ ಅನ್ನೋದು ಒಂದು ಆರೋಪ. ಗುಂಡಿಗಳನ್ನು ಗೊಂದಲವಾಗುವಂತೆ ಇಟ್ಟು, ಬೇಡದ ಖರೀದಿ ಮಾಡಿಸಿತು ಅನ್ನೋದು ಇನ್ನೊಂದು.

ಆದರೆ ಹೆಚ್ಚಿನ ಸರ್ಕಾರಗಳು ಹಿಡಿದಿದ್ದು ಸುಲಭದ ದಾರಿ. ಮಕ್ಕಳನ್ನು ತಡೆಯೋದು. ದಕ್ಷಿಣ ಕೊರಿಯಾ 2011ರಲ್ಲಿ ಕಾನೂನು ತಂತು: 16 ವರ್ಷದೊಳಗಿನವರು ಮಧ್ಯರಾತ್ರಿಯಿಂದ ಬೆಳಗ್ಗೆ 6ರವರೆಗೆ ಆನ್‌ಲೈನ್ ಗೇಮ್ ಆಡುವಂತಿಲ್ಲ. ಮಕ್ಕಳು ಏನು ಮಾಡಿದರು? ಅಪ್ಪ ಅಮ್ಮನ ಗುರುತಿನ ಸಂಖ್ಯೆ ಹಾಕಿ ಆಡಿದರು. ಅಷ್ಟರಲ್ಲಿ ಆಟ ಕಂಪ್ಯೂಟರ್‌ನಿಂದ ಮೊಬೈಲ್‌ಗೆ ಬಂದಿತ್ತು, ಕಾನೂನು ಕಂಪ್ಯೂಟರ್ ಹತ್ತಿರವೇ ಕಾವಲು ಕೂತಿತ್ತು. ಹತ್ತು ವರ್ಷದ ಮೇಲೆ ಅವರೇ ಆ ಕಾನೂನು ತೆಗೆದುಹಾಕಿದರು. ಚೀನಾ ಇನ್ನೂ ಬಿಗಿ. 2021ರಿಂದ 18ರೊಳಗಿನವರಿಗೆ ಶುಕ್ರವಾರ, ಶನಿವಾರ, ಭಾನುವಾರ, ರಜಾ ದಿನಗಳಲ್ಲಿ ರಾತ್ರಿ 8ರಿಂದ 9, ಅಷ್ಟೇ. ಅದಕ್ಕೂ ಮೊದಲು 2019ರಲ್ಲಿ ಹಾಕಿದ್ದ ಮಿತಿ ಕೆಲಸ ಮಾಡಿತಾ ಅಂತ ಸಂಶೋಧಕರು 700 ಕೋಟಿ ಗಂಟೆಗೂ ಹೆಚ್ಚಿನ ಆಟದ ದಾಖಲೆ ತೆಗೆದು ನೋಡಿದರು. ವಿಪರೀತ ಆಟ ಕಡಿಮೆಯಾಗಿದ್ದಕ್ಕೆ ಪುರಾವೆ ಸಿಗಲಿಲ್ಲ. ಅದೇ ಚೀನಾದ ಹ್ಯಾಂಗ್‌ಝೌನಲ್ಲಿ 2023ರ ಏಷ್ಯನ್ ಗೇಮ್ಸ್ ನಡೆದಾಗ ಇ-ಸ್ಪೋರ್ಟ್ಸ್‌ಗೆ ಪದಕ ಕೊಟ್ಟರು!

ನಾವೇನು ಕಡಿಮೆ? 2019ರ ಮಾರ್ಚ್‌ನಲ್ಲಿ ಗುಜರಾತಿನ ರಾಜ್‌ಕೋಟ್ ಪೊಲೀಸರು ಪಬ್‌ಜಿ ನಿಷೇಧಿಸಿ, ಆಡ್ತಿದ್ದ ಕಾಲೇಜು ಹುಡುಗರನ್ನ ಬಂಧಿಸಿದರು. ಮೊಬೈಲ್‌ನಲ್ಲಿ ಆಡಿದ್ದಕ್ಕೆ ಜಾಮೀನು ತಗೊಂಡು ಮನೆಗೆ ಬರಬೇಕಾದ ಸ್ಥಿತಿ. 2020ರ ಸೆಪ್ಟೆಂಬರ್‌ನಲ್ಲಿ ಕೇಂದ್ರ ಸರ್ಕಾರ ದೇಶದ ಭದ್ರತೆಯ ಕಾರಣಕ್ಕೆ ಪಬ್‌ಜಿ ಸೇರಿ 118 ಆ್ಯಪ್ ನಿಷೇಧಿಸಿತು. "ಪೀಡೆ ತೊಲಗಿತು" ಅಂತ ಎಷ್ಟೋ ಮನೆಗಳಲ್ಲಿ ನಿಟ್ಟುಸಿರು ಬಿಟ್ಟರು. ಮುಂದಿನ ವರ್ಷ ಅದೇ ಆಟ ಬಿಜಿಎಂಐ ಅನ್ನೋ ಹೆಸರಲ್ಲಿ ಬಂತು, 2022ರಲ್ಲಿ ಮತ್ತೆ ಹೋಯಿತು, 2023ರಲ್ಲಿ ಮತ್ತೆ ಬಂತು. ನಿಷೇಧವನ್ನು ನಂಬಿ ಕೂತವರ ಮನೆಯಲ್ಲಿ ಏನು ಬದಲಾಯಿತು?

ಒಂದು ಎಚ್ಚರಿಕೆ. ದುಡ್ಡು ಕಟ್ಟಿ ಆಡುವ ರಮ್ಮಿ, ಬೆಟ್ಟಿಂಗ್ ಬೇರೆಯೇ ವಿಷಯ. ನಮ್ಮಲ್ಲಿ ಎರಡನ್ನೂ "ಆನ್‌ಲೈನ್ ಗೇಮ್" ಅಂತಲೇ ಕರೆದು ಗೊಂದಲ ಮಾಡಿಕೊಳ್ತೀವಿ. ಹಣದ ಆಟ ತಡೆಯೋಕೆ ನಮ್ಮ ರಾಜ್ಯ 2021ರಲ್ಲಿ ತಂದ ಕಾನೂನಿನ ಮುಖ್ಯ ಅಂಶಗಳನ್ನು ಹೈಕೋರ್ಟ್ 2022ರ ಫೆಬ್ರವರಿಯಲ್ಲಿ ರದ್ದು ಮಾಡಿತು. 2025ರ ಆಗಸ್ಟ್‌ನಲ್ಲಿ ಸಂಸತ್ತು ಹಣದ ಆಟಗಳನ್ನು ನಿಷೇಧಿಸಿ, ಇ-ಸ್ಪೋರ್ಟ್ಸ್‌ಗೆ ಪ್ರೋತ್ಸಾಹ ನೀಡುವ ಕಾನೂನು ಪಾಸು ಮಾಡಿತು. ಸಾಲ, ಆಸ್ತಿ, ಪ್ರಾಣ ಹೋಗ್ತಿರೋ ಜೂಜಿನ ಕಥೆ ಅದು. ಧರ್ಮರಾಯನ ಕಾಲದಿಂದ ನಮಗೆ ಗೊತ್ತಿರೋ ಕಥೆ. ನಿಮ್ಮ ಮಗನ ಫೋನ್‌ನಿಂದ ದುಡ್ಡು ಹೋಗ್ತಿದ್ದರೆ ಅದನ್ನ ಮೊದಲು ನೋಡಿ.

ಇಷ್ಟೆಲ್ಲ ಆದ ಮೇಲೆ ನೀವು ಕೇಳಬಹುದು: ಕಾಯಿಲೆ ಅನ್ನಿ, ಚಟ ಅನ್ನಿ, ಹೆಸರಲ್ಲಿ ಏನಿದೆ? ಹೆಸರಲ್ಲೇ ಇದೆ, ವೀಕ್ಷಕರೇ. ಏನು ಹೆಸರು ಕೊಡ್ತೀರೋ ಅದರ ಮೇಲೆ ನೀವು ಹುಡುಗನನ್ನ ಎಲ್ಲಿಗೆ ಕರ್ಕೊಂಡು ಹೋಗ್ತೀರಿ ಅನ್ನೋದು ನಿರ್ಧಾರ ಆಗುತ್ತೆ. ಕೊಬ್ಬು ಅಂದರೆ ಬೆಲ್ಟ್ ಕೈಗೆ ಬರುತ್ತೆ. ಗಾಳಿ ಸೋಕಿದೆ ಅಂದರೆ ತಾಯತ ಬರುತ್ತೆ. ಅಪರಾಧ ಅಂದರೆ ಪೊಲೀಸ್ ಬರ್ತಾರೆ. ಕಾಯಿಲೆ ಅಂದರೆ ಡಾಕ್ಟ್ರು ಬರ್ತಾರೆ. ಕಾಯಿಲೆಯೇ ಇಲ್ಲದ ಹುಡುಗನಿಗೆ ಕಾಯಿಲೆ ಅಂತ ಹೆಸರಿಟ್ಟರೆ ಅವನು ನಿಮ್ಮ ಜೊತೆ ಮಾತು ಬಿಡ್ತಾನೆ. ಕಾಯಿಲೆ ಇರೋ ಹುಡುಗನಿಗೆ ಸೋಮಾರಿ ಅಂತ ಹೆಸರಿಟ್ಟರೆ ಅವನು ಕೈತಪ್ಪಿ ಹೋಗ್ತಾನೆ.

ಆದ್ದರಿಂದ ಗಡಿಯಾರ ಪಕ್ಕಕ್ಕಿಟ್ಟು ಈ ಪ್ರಶ್ನೆ ಕೇಳಿಕೊಳ್ಳಿ. ನಿದ್ದೆ, ಊಟ, ಸ್ನಾನ ಸರಿಯಾಗಿದೆಯಾ? ಶಾಲೆ, ಕಾಲೇಜಿಗೆ ಹೋಗ್ತಿದ್ದಾನಾ? ಮೊದಲು ಇಷ್ಟಪಡ್ತಿದ್ದ ಬೇರೆ ಕೆಲಸ ಏನಾಯಿತು? ಎದುರು ಸಿಗೋ ಗೆಳೆಯರು ಇನ್ನೂ ಇದ್ದಾರಾ? ತಾನೇ ನಿಲ್ಲಿಸಬೇಕು ಅಂತ ಪ್ರಯತ್ನಪಟ್ಟು ಸೋತಿದ್ದಾನಾ? ಇದೆಲ್ಲ ಎಷ್ಟು ತಿಂಗಳಿಂದ? ಎಲ್ಲ ಸರಿ ಇದ್ದು ಬರೀ ಆಟ ಜಾಸ್ತಿ ಅನ್ನಿಸಿದರೆ ಅದು ಮನೆಯ ಶಿಸ್ತಿನ ವಿಷಯ. ಊಟದ ಹೊತ್ತು, ಮಲಗೋ ಹೊತ್ತು, ಫೋನ್ ಎಲ್ಲಿಡಬೇಕು ಅನ್ನೋದನ್ನ ಅವನನ್ನೂ ಕೂರಿಸಿಕೊಂಡು ನಿರ್ಧಾರ ಮಾಡಿ, ಅಪ್ಪನ ಫೋನಿಗೂ ಅದೇ ನಿಯಮ ಇರಲಿ. ಒಂದೊಂದಾಗಿ ಎಲ್ಲವೂ ಕಳಚಿ ಬಿದ್ದು ಆಟ ಒಂದೇ ಉಳಿದಿದ್ದರೆ, ಅದು ನಿಮ್ಮ ಕೈಮೀರಿದ ವಿಷಯ. ಆಗ ಫೋನ್ ಕಿತ್ತು ಗೋಡೆಗೆ ಹೊಡೆಯಬೇಡಿ. ಅವನಿಗೆ ಉಳಿದಿರೋ ಒಂದೇ ಜಾಗ ಅದು, ಅದನ್ನೂ ಒಡೆದರೆ ಏನಾಗುತ್ತೆ ಅಂತ ಹೇಳೋಕಾಗಲ್ಲ. ವೈದ್ಯರ ಹತ್ತಿರ ಹೋಗಿ.

ಬೆಂಗಳೂರು ದೂರ ಅನ್ನಬೇಡಿ. ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮದ ಮಾದರಿ ಹುಟ್ಟಿದ್ದೇ ನಮ್ಮ ಬಳ್ಳಾರಿಯಲ್ಲಿ. ನಿಮ್ಮ ಜಿಲ್ಲಾಸ್ಪತ್ರೆಯ ಮನೋವೈದ್ಯ ವಿಭಾಗದಲ್ಲಿ ಕೇಳಿ. ಅದೂ ಆಗದಿದ್ದರೆ ಕೇಂದ್ರ ಸರ್ಕಾರದ ಟೆಲಿ ಮನಸ್ ಸಹಾಯವಾಣಿ ಇದೆ, ಸಂಖ್ಯೆ 14416. ಹಗಲು ರಾತ್ರಿ ಯಾವಾಗ ಬೇಕಾದರೂ ಮಾಡಬಹುದು, ಕನ್ನಡದಲ್ಲೇ ಮಾತಾಡಬಹುದು, ದುಡ್ಡು ಕೊಡಬೇಕಾಗಿಲ್ಲ. ತಾಯಂದಿರು ಮಾತ್ರ ಅಲ್ಲ, ಆ ಹುಡುಗನೂ ಮಾಡಬಹುದು.

ನನಗೆ ಮೆಸೇಜ್ ಹಾಕಿದ ಆ ಹುಡುಗನಿಗೆ ನನ್ನ ಉತ್ತರ: ಎರಡು ಗಂಟೆ ಆಡಿ, ಓದಿ, ನಿದ್ದೆ ಮಾಡಿ, ಗೆಳೆಯರ ಜೊತೆ ಇದ್ದೀಯ ಅಂದರೆ ನೀನು ಅಡಿಕ್ಟ್ ಅಲ್ಲ ಕಣಪ್ಪ. ಆದರೆ ಎರಡು ಗಂಟೆ ಅಂತ ಲೆಕ್ಕ ಹೇಳುವಾಗ ನಿನಗೆ ನೀನು ಸುಳ್ಳು ಹೇಳಿಕೊಳ್ಳಬೇಡ. ಆ ತಾಯಿಗೆ ನನ್ನ ಉತ್ತರ: ಅಮ್ಮಾ, ಕಾಯಿಲೆ ಅನ್ನೋದು ನಿಜ, ಆದರೆ ಎಲ್ಲರಿಗೂ ಬಂದಿಲ್ಲ. ನಿಮ್ಮ ಮಗನಿಗೆ ಬಂದಿದೆಯಾ ಅಂತ ತಿಳಿಯೋಕೆ ಇವತ್ತು ರಾತ್ರಿ ಅವನ ಪಕ್ಕ ಹೋಗಿ ಕೂತ್ಕೊಳ್ಳಿ. ಯಾವ ಆಟ, ಯಾರ ಜೊತೆ ಆಡ್ತಿದ್ದೀಯ ಅಂತ ಕೇಳಿ. ಬೈಯೋದು ಬೇಡ. ಉತ್ಸಾಹದಿಂದ ಹತ್ತು ನಿಮಿಷ ವಿವರಿಸಿದರೆ ಅರ್ಧ ಚಿಂತೆ ಬಿಡಿ. ಮುಖ ಎತ್ತದೇ, ಏನೂ ಹೇಳದೇ ಕೂತರೆ ನಾಳೆ ಬೆಳಗ್ಗೆಯೇ ಆ ಫೋನ್ ಕರೆ ಮಾಡಿ.